ಹನ್ನೊಂದು ನೋಟ್‌ಬುಕ್ಕುಗಳ ನಡುವೆ ಸಿಗದ ಒಂದು ಸಾಲು: ಮಂಡ್ಯದ ಅಧ್ಯಾಪಕಿಯೊಬ್ಬರ ಟಿಪ್ಪಣಿ ಪದ್ಧತಿ, ಒಂದು ಪ್ರಕರಣ ಅಧ್ಯಯನ

ಮಂಡ್ಯ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ಸಹಾಯಕ ಪ್ರಾಧ್ಯಾಪಕಿ ಇವರು. ಹೆಸರು ಇಲ್ಲಿ ಅಗತ್ಯವಿಲ್ಲ. ಮನೆ ಮೈಸೂರಿನಲ್ಲಿ, ಓಡಾಟ ರೈಲಿನಲ್ಲಿ. ಕೆಲಸದ ಜೊತೆಗೇ ಅರೆಕಾಲಿಕ ಪಿಎಚ್.ಡಿ. ಮಾಡುತ್ತಿದ್ದಾರೆ. ವಿಶ್ವೇಶ್ವರಯ್ಯ ನಾಲೆಯ, ಅಂದರೆ ಹಳಬರು ಇರ್ವಿನ್ ನಾಲೆ ಎನ್ನುವ ಕಾಲುವೆಯ ಆಯಕಟ್ಟಿನ ಹಳ್ಳಿಗಳಲ್ಲಿ ನೀರು ಬಂದ ಮೇಲೆ ಬೇಸಾಯವೂ ಊರಿನೊಳಗಿನ ಸಂಬಂಧಗಳೂ ಹೇಗೆ ಬದಲಾದವು ಎಂಬುದು ವಿಷಯ. ಈ ನಾಲೆಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆಯ (ಕೃಷ್ಣರಾಜಸಾಗರ) ಕೆಲಸ ಶುರುವಾದ 1911ರಿಂದ ಮಂಡ್ಯ ಪ್ರತ್ಯೇಕ ಜಿಲ್ಲೆಯಾದ 1939ರವರೆಗೆ ಅಧ್ಯಯನದ ಮುಖ್ಯ ಅವಧಿ. ನಡುವೆ 1933ರಲ್ಲಿ ಮಂಡ್ಯಕ್ಕೆ ಬಂದ ಸಕ್ಕರೆ ಕಾರ್ಖಾನೆಗೂ ಒಂದು ಅಧ್ಯಾಯವಿದೆ.

ನೋಂದಣಿಯಾಗಿ ನಾಲ್ಕನೆಯ ವರ್ಷ. ಸಾಮಗ್ರಿಗೆ ಕೊರತೆಯೇನೂ ಇರಲಿಲ್ಲ. 200 ಪುಟದ ಲಾಂಗ್ ಬುಕ್ಕುಗಳು 11, ಮೊಬೈಲಿನಲ್ಲಿ ತೆಗೆದ ದಾಖಲೆಗಳ ಫೋಟೋ 2,860, ಹಿರಿಯ ರೈತರ ಧ್ವನಿಮುದ್ರಿತ ಸಂದರ್ಶನ 23, ಲ್ಯಾಪ್‌ಟಾಪಿನಲ್ಲಿ ಪಿಡಿಎಫ್ 412. ಇಷ್ಟಿದ್ದೂ ನೀರು ಹಂಚಿಕೆಯ ಮೇಲಿನ ಮೂರನೆಯ ಅಧ್ಯಾಯ ಹದಿನಾಲ್ಕು ತಿಂಗಳಿಂದ ನಾಲ್ಕು ಪುಟ ದಾಟಿರಲಿಲ್ಲ.

ಗೈಡ್ ಮುಂದೆ ಹೇಳಿಕೊಂಡ ತೊಂದರೆ "ಟೈಮ್ ಸಿಗ್ತಿಲ್ಲ ಸಾರ್" ಎಂಬುದು. ಅದು ನಿಜವೇ. ಆದರೆ ಸಿಕ್ಕ ಸಮಯ ಎಲ್ಲಿ ಹೋಗುತ್ತಿತ್ತು ಎಂದು ನೋಡಿದಾಗ ಬೇರೆಯದೇ ವಿಷಯ ಹೊರಬಿತ್ತು.

ಕಾಲುವೆಯ ಕೊನೆ ಭಾಗದ ರೈತರಿಗೆ ನೀರಿನ ಸರದಿ ರಾತ್ರಿ ಹೊತ್ತೇ ಬರುತ್ತಿತ್ತು ಎಂದು ಒಬ್ಬ ಹಿರಿಯರು ಹೇಳಿದ್ದ ಮಾತು ಅಧ್ಯಾಯಕ್ಕೆ ಬೇಕಿತ್ತು. ಹುಡುಕಲು ಎರಡು ಸಂಜೆ ಹಿಡಿಯಿತು. ಏಳನೆಯ ನೋಟ್‌ಬುಕ್ಕಿನಲ್ಲಿ ಸಿಕ್ಕಿದ್ದು ಹೀಗೆ: "ನೀರುಗಂಟಿ – ರಾತ್ರಿ ನೀರು – ಕೊನೆ ಭಾಗ – ತೂಬು. ಇಂಪಾರ್ಟೆಂಟ್!!" ಅಡಿಯಲ್ಲಿ ಎರಡು ಕೆಂಪು ಗೆರೆ. (ನೀರುಗಂಟಿ ಎಂದರೆ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು, ತೂಬು ಎಂದರೆ ನೀರು ಬಿಡುವ ಬಾಯಿ.) ಹೇಳಿದವರು ಯಾರು, ಯಾವ ಊರು, ಯಾವ ದಿನ ಎಂಬುದಿಲ್ಲ. ಧ್ವನಿ ಕಡತಗಳ ಹೆಸರು "ರೆಕಾರ್ಡಿಂಗ್ 9", "ರೆಕಾರ್ಡಿಂಗ್ 14" ಎಂದಷ್ಟೇ ಇತ್ತು. ಆ ಒಂದು ಮಾತಿಗೆ ಮೂಲ ಕೊಡಲು ಮತ್ತೆ ಆರು ಗಂಟೆ ಕೇಳಬೇಕಾಯಿತು.

ಎರಡು ಸಂಜೆ, ಆರು ಗಂಟೆ, ಒಂದು ಸಾಲು. ಈ ಪ್ರಕರಣದ ತಿರುಳೆಲ್ಲ ಇಷ್ಟರಲ್ಲೇ ಇದೆ.

ಎಲ್ಲಿ ತಪ್ಪಿತ್ತು

ಸೋಮಾರಿತನ ಎಲ್ಲಿಯೂ ಕಾಣಲಿಲ್ಲ. ಬೇಸಿಗೆ ರಜೆಯಲ್ಲಿ ದಿನಕ್ಕೆ ಹತ್ತು ಗಂಟೆ ಕೂತಿದ್ದಾರೆ. ಕಷ್ಟ ಇದ್ದದ್ದು ಆ ಹತ್ತು ಗಂಟೆಯಲ್ಲೇ. ರಜೆಯಲ್ಲಿ ಮೂರು ವಾರ ಮುಳುಗಿ ಕೆಲಸ ಮಾಡಿದ ಮೇಲೆ ಅಡ್ಮಿಷನ್ ಬರುತ್ತದೆ, ಆಮೇಲೆ ಇಂಟರ್ನಲ್ಸ್, ಕಾಲೇಜಿನ ಮೌಲ್ಯಾಂಕನದ ನ್ಯಾಕ್ ಕಡತ, ಎನ್‌ಎಸ್‌ಎಸ್ ಶಿಬಿರ, ಇನ್ವಿಜಿಲೇಷನ್, ವ್ಯಾಲ್ಯುಯೇಷನ್. ಐದು ತಿಂಗಳ ನಂತರ ನೋಟ್‌ಬುಕ್ ತೆರೆದರೆ ತಾವೇ ಬರೆದದ್ದು ತಮಗೇ ಅರ್ಥವಾಗುವುದಿಲ್ಲ. ಎಲ್ಲಿದ್ದೆವು ಎಂದು ಹಿಡಿಯಲು ಎರಡು ವಾರ ಬೇಕು, ಅಷ್ಟರಲ್ಲಿ ರಜೆ ಮುಗಿದಿರುತ್ತದೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ, ಒಟ್ಟು ಕೆಲಸ 40 ಗಂಟೆಗೆ ಕಡಿಮೆಯಿಲ್ಲ. ಈ ಕಾಲೇಜಿನಲ್ಲಿ ಇತಿಹಾಸಕ್ಕೆ ಇಬ್ಬರೇ ಇರುವುದರಿಂದ ವಾಸ್ತವದಲ್ಲಿ ಅದಕ್ಕೂ ಹೆಚ್ಚಾಗುತ್ತದೆ. ಎರಡು ವಾರ ಅರ್ಧರ್ಧ ಗಂಟೆಯ ಲೆಕ್ಕ ಬರೆದಿಟ್ಟಾಗ ರೈಲಿನ ಪ್ರಯಾಣವೊಂದೇ ವಾರಕ್ಕೆ ಹತ್ತು ಗಂಟೆ ಎಂದು ಗೊತ್ತಾಯಿತು: ಹೋಗಿ ಬರಲು ದಿನಕ್ಕೆ ಎರಡು ಸಲ, ಸಲಕ್ಕೆ ಸುಮಾರು 50 ನಿಮಿಷ, ವಾರಕ್ಕೆ ಆರು ದಿನ. ಯಾರೂ ಕರೆಯದ, ಫೋನ್ ಬಾರದ ಸಮಯ ಇಡೀ ವಾರದಲ್ಲಿ ಮೂರೇ ಕಡೆ ಕಂಡಿತು: ಮಂಗಳವಾರ, ಗುರುವಾರ ಬೆಳಿಗ್ಗೆ ಐದೂವರೆಯಿಂದ ಆರೂಕಾಲು, ಭಾನುವಾರ ಮಧ್ಯಾಹ್ನ ಊಟದ ಮೇಲೆ ಮುಕ್ಕಾಲು ಗಂಟೆ. ಒಟ್ಟು ಎರಡೂಕಾಲು ಗಂಟೆ. "ಇಷ್ಟರಲ್ಲಿ ಪಿಎಚ್.ಡಿ. ಆಗುತ್ತಾ?" ಎಂದು ಅವರೇ ಕೇಳಿದರು. ಟಿಪ್ಪಣಿ ಸರಿಯಿದ್ದರೆ ಆಗುತ್ತದೆ. ಸರಿಯಿಲ್ಲದಿದ್ದರೆ ಇಪ್ಪತ್ತು ಗಂಟೆ ಕೊಟ್ಟರೂ ಹುಡುಕುವುದಕ್ಕೇ ಸರಿಹೋಗುತ್ತದೆ.

ವಾರಕ್ಕೆ ಎಷ್ಟು ಟಿಪ್ಪಣಿ ಎಂಬ ಅಳತೆ ತೆಗೆದುಕೊಳ್ಳುವಾಗ ನಮ್ಮ ಅಧ್ಯಾಪಕರಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಸೆಮಿಸ್ಟರಿನ ಒಳ್ಳೆಯ ವಾರವನ್ನು ನೆನೆದು ಅಭ್ಯಾಸ ಕಟ್ಟುತ್ತಾರೆ: "ದಿನಕ್ಕೆ ಎರಡು ಗಂಟೆ ಓದುತ್ತೇನೆ, ಹತ್ತು ಟಿಪ್ಪಣಿ ಮಾಡುತ್ತೇನೆ." ವ್ಯಾಲ್ಯುಯೇಷನ್ ವಾರ ಬಂದ ಕೂಡಲೇ ಅದು ಮುರಿಯುತ್ತದೆ. ಮುರಿದ ಅಭ್ಯಾಸಕ್ಕೆ ಮರಳುವುದು ಹೊಸದು ಹಿಡಿಯುವುದಕ್ಕಿಂತ ಕಷ್ಟ, ಏಕೆಂದರೆ ಜೊತೆಗೆ ಅಪರಾಧಭಾವವೂ ಬಂದಿರುತ್ತದೆ. ಇಲ್ಲಿ ಅಳತೆಯನ್ನು ಅತಿ ಕೆಟ್ಟ ವಾರದಿಂದಲೇ ತೆಗೆಯಲಾಯಿತು. ಉತ್ತರಪತ್ರಿಕೆ ತಿದ್ದಿ ರಾತ್ರಿ ಎಂಟಕ್ಕೆ ಮನೆಗೆ ಬರುವ ವಾರದಲ್ಲೂ ಆಗುವುದು ಎಷ್ಟು? ಒಂದು ಟಿಪ್ಪಣಿ. ಹಾಗಾದರೆ ಕೆಟ್ಟ ವಾರಕ್ಕೆ ಒಂದು, ಸಾಮಾನ್ಯ ವಾರಕ್ಕೆ ಐದು. ಒಳ್ಳೆಯ ವಾರದಲ್ಲೂ ಐದನ್ನು ಮೀರುವಂತಿಲ್ಲ. ಈ ಮೇಲಿನ ಮಿತಿಯನ್ನು ಒಪ್ಪಿಸುವುದೇ ಕಷ್ಟವಾಯಿತು. ಆದರೆ ಒಂದು ಭಾನುವಾರ ಹದಿನೈದು ಮಾಡಿದವರು ಮುಂದಿನ ಎರಡು ವಾರ ಒಂದನ್ನೂ ಮಾಡುವುದಿಲ್ಲ. ಹಳೆಯ ನೋಟ್‌ಬುಕ್ಕುಗಳ ತಾರೀಕುಗಳೇ ಅದಕ್ಕೆ ಸಾಕ್ಷಿಯಾಗಿದ್ದವು.

ಒಂದು ಟಿಪ್ಪಣಿ ಹೇಗಿರಬೇಕು

ಟಿಪ್ಪಣಿಯನ್ನು ಓದುವವರು ಆರು ತಿಂಗಳ ನಂತರದ, ದಣಿದ, ಎಲ್ಲವನ್ನೂ ಮರೆತ ಇನ್ನೊಬ್ಬರು ಎಂದುಕೊಂಡೇ ಬರೆಯಬೇಕು. ಅವರು ಮತ್ತೆ ಮೂಲಕ್ಕೆ ಹೋಗದೆ ಅದನ್ನು ಅಧ್ಯಾಯದಲ್ಲಿ ಬಳಸುವಂತಿರಬೇಕು. ಇದೊಂದೇ ಪರೀಕ್ಷೆ.

ಗುರುತಿನ ಸಂಖ್ಯೆ ಕೊಡುವುದಕ್ಕೆ ಮೈಸೂರಿನ ಇತಿಹಾಸದವರಿಗೆ ಪರದೇಶದ ಮಾದರಿ ಬೇಕಿಲ್ಲ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕ ನೂರು ವರ್ಷಕ್ಕೂ ಹಿಂದೆಯೇ ತಾಲ್ಲೂಕಿನ ಹೆಸರು, ಮುಂದೊಂದು ಅಂಕಿ ಎಂಬ ಪದ್ಧತಿ ಕೊಟ್ಟಿತು. 1894ರ ಮೂರನೆಯ ಸಂಪುಟದಲ್ಲಿ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳಿವೆ. ತಾಲ್ಲೂಕಿನ ಹೆಸರೂ ಒಂದು ಅಂಕಿಯೂ ಇದ್ದರೆ ಯಾರು ಬೇಕಾದರೂ ಅದೇ ಕಲ್ಲಿನ ಮುಂದೆ ಹೋಗಿ ನಿಲ್ಲಬಹುದು. ಅದೇ ಸಾಲಿನ ಇನ್ನೊಂದು ಪಾಠವೂ ನೆನಪಿರಲಿ. ಮೈಸೂರು ವಿಶ್ವವಿದ್ಯಾನಿಲಯ 1970ರ ದಶಕದಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟ, ಸಂಖ್ಯೆಗಳು ಬದಲಾಗಿವೆ. ಯಾವ ಆವೃತ್ತಿ ಎಂದು ಬರೆಯದ ಶಾಸನ ಸಂಖ್ಯೆ ಅರ್ಧ ವಿಳಾಸವಿದ್ದ ಹಾಗೆ.

ಅದೇ ರೀತಿ ಇಲ್ಲಿ ಸಂದರ್ಶನಕ್ಕೆ "ಸಂ", ಪತ್ರಾಗಾರದ ಕಡತಕ್ಕೆ "ಪ", ಪುಸ್ತಕ–ಲೇಖನಕ್ಕೆ "ಗ್ರಂ" ಎಂದಿಟ್ಟು, ಮುಂದೆ ಮೂಲದ ಸಂಖ್ಯೆ, ಅದರ ಮುಂದೆ ಟಿಪ್ಪಣಿಯ ಸಂಖ್ಯೆ ಹಾಕಲಾಯಿತು. ಎರಡು ಕೆಂಪು ಗೆರೆಯ ಆ ಸಾಲು ಹೊಸ ರೂಪದಲ್ಲಿ ಹೀಗಾಯಿತು:

ಸಂ 07–3
ಮೂಲ: ಸಂದರ್ಶನ 07. ಮದ್ದೂರು ತಾಲ್ಲೂಕು, ನಾಲೆಯ ಕೊನೆ ಭಾಗದ ಊರು. ಧ್ವನಿ 31:40ರಿಂದ 33:05.
ಉ: "ಹಗಲು ನೀರು ಮೇಲ್ಗಡೆಯೋರ್ಗೆ, ರಾತ್ರಿ ನೀರು ನಮ್ಗೆ ಕಣವ್ವ. ನೀರ್ಗಂಟಿ ಬಂದು ಕೂಗ್ದಾಗ ಎದ್ದೋಗ್ಬೇಕು. ಇಲ್ದಿದ್ರೆ ಬೆಳಿಗ್ಗೆ ಹೊತ್ಗೆ ತೂಬು ಮುಚ್ಚಿರೋದು."
ಸಾ: ಕೊನೆ ಭಾಗದ ರೈತರಿಗೆ ಸರದಿ ರಾತ್ರಿ ಬರುತ್ತಿತ್ತು. ಸರದಿ ತಿಳಿಸುತ್ತಿದ್ದವನು ನೀರುಗಂಟಿ. ಏಳದಿದ್ದರೆ ಸರದಿ ತಪ್ಪುತ್ತಿತ್ತು.
ನ: ಬರಹದ ಸರದಿ ಪಟ್ಟಿಯಲ್ಲಿ ಹಗಲು–ರಾತ್ರಿ ಎಂದು ಇದೆಯೇ? ಇಲ್ಲದಿದ್ದರೆ ರಾತ್ರಿ ನೀರು ಯಾರಿಗೆ ಎಂಬ ತೀರ್ಮಾನ ನೀರುಗಂಟಿಯ ಕೈಯಲ್ಲಿತ್ತು ಎಂದಾಗುತ್ತದೆ.
ಕೊಂಡಿ: ಪ 12–1, ಸಂ 11–5
ಪದ: ನೀರುಗಂಟಿ, ಸರದಿ, ಕೊನೆ ಭಾಗ

"ಉ" ಎಂದರೆ ಉದ್ಧರಣೆ: ಮೂಲದ ಮಾತು, ಅಕ್ಷರವೂ ಬದಲಾಗದೆ. "ಸಾ" ಎಂದರೆ ಸಾರಾಂಶ, ತಮ್ಮ ವಾಕ್ಯದಲ್ಲಿ. "ನ" ಎಂದರೆ ನನ್ನದು: ಅನುಮಾನ, ವಾದ, ಪ್ರಶ್ನೆ. ಈ ಮೂರು ಅಕ್ಷರಗಳಿಗೆ ಒಂದೇ ಒಂದು ದಿನವೂ ರಿಯಾಯಿತಿ ಇಲ್ಲ. ಹಳೆಯ ನೋಟ್‌ಬುಕ್ಕುಗಳಲ್ಲಿ ಪುಸ್ತಕದಿಂದ ನಕಲಿಸಿಕೊಂಡ ವಾಕ್ಯವೂ ತಮ್ಮದೇ ಆಲೋಚನೆಯೂ ಒಂದೇ ಶಾಯಿಯಲ್ಲಿ ಬೆರೆತುಹೋಗಿದ್ದವು. ಎರಡು ವರ್ಷ ಕಳೆದ ಮೇಲೆ ಯಾವುದು ಯಾರದೆಂದು ಹೇಳಲು ಆಗದು. ಕೃತಿಚೌರ್ಯದ ಆಪಾದನೆ ಬರುವುದು ಬಹಳ ಸಲ ಕೆಟ್ಟ ಬುದ್ಧಿಯಿಂದಲ್ಲ, ಇಂಥ ಬೆರಕೆಯಿಂದ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮ ಶೇ. 10ರವರೆಗಿನ ಹೋಲಿಕೆಯನ್ನು ಮಾತ್ರ ದಂಡವಿಲ್ಲದೆ ಬಿಡುತ್ತದೆ. ಪ್ರಬಂಧದಲ್ಲಿ ಶೇ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಟಿಪ್ಪಣಿ ಬರೆಯುವಾಗ ಎರಡು ಸೆಕೆಂಡಿನ ಒಂದು ಅಕ್ಷರ ಈ ಭಯವನ್ನೆಲ್ಲ ತೆಗೆಯುತ್ತದೆ.

ಉದ್ಧರಣೆಯಲ್ಲಿ "ಕಣವ್ವ", "ನೀರ್ಗಂಟಿ" ಹಾಗೆಯೇ ಉಳಿದಿರುವುದನ್ನು ಗಮನಿಸಿ. ಮೊದಲು ಅವರು ಎಲ್ಲವನ್ನೂ ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆದುಕೊಳ್ಳುತ್ತಿದ್ದರು. ಹಾಗೆ ತಿದ್ದಿದಾಗ ಹೋಗುವುದು ಸೊಗಸು ಮಾತ್ರವಲ್ಲ, ಮಾಹಿತಿ. "ಮೇಲ್ಗಡೆಯೋರು" ಎಂಬುದು "ಮೇಲ್ಭಾಗದ ರೈತರು" ಆದ ಕೂಡಲೇ, ಆ ಹಿರಿಯರು ನಾಲೆಯ ಮೇಲ್ಗಡೆಯನ್ನು ಹೇಳಿದರೋ ಊರಿನ ಮೇಲಿನ ಕೇರಿಯನ್ನು ಹೇಳಿದರೋ ಎಂಬ ಪ್ರಶ್ನೆಯೇ ಅಳಿಸಿಹೋಗುತ್ತದೆ. ಈ ಅಧ್ಯಾಯಕ್ಕೆ ಅದು ಸಣ್ಣ ಪ್ರಶ್ನೆಯಲ್ಲ.

ಹಳೆಯ ರಾಶಿಯನ್ನು ಏನು ಮಾಡಿದರು

ಎಲ್ಲವನ್ನೂ ಕಂಪ್ಯೂಟರಿಗೆ ಟೈಪ್ ಮಾಡಿಬಿಡೋಣ ಎಂಬುದು ಅವರ ಮೊದಲ ಯೋಜನೆ. ಒಂದು ನೋಟ್‌ಬುಕ್ಕಿನ 30 ಪುಟ ಆಗುವಷ್ಟರಲ್ಲಿ ಎರಡು ವಾರ ಕಳೆದಿತ್ತು. ಹನ್ನೊಂದಕ್ಕೂ ಎಷ್ಟು ವರ್ಷ ಎಂದು ಲೆಕ್ಕ ಹಾಕಿದ ದಿನ ಅದನ್ನು ಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು.

ಅದರ ಬದಲಿಗೆ ಮಾಡಿದ್ದು ಹಳೆಯ ಕಾಲದ ಕೆಲಸ: ಪುಟ ಸಂಖ್ಯೆ ಹಾಕುವುದು, ಪರಿವಿಡಿ ಬರೆಯುವುದು. ನೋಟ್‌ಬುಕ್ಕಿಗೆ ಒಂದು ರೋಮನ್ ಅಂಕಿ, ಪ್ರತಿ ಪುಟದ ಮೇಲಿನ ಮೂಲೆಯಲ್ಲಿ ಸಂಖ್ಯೆ. ಒಳ ರಕ್ಷಾಪುಟಕ್ಕೆ ಅಂಟಿಸಿದ ಹಾಳೆಯಲ್ಲಿ ಸಾಲಿಗೊಂದರಂತೆ "ಪು. 41–44, ಆಲೆಮನೆ, ಬೆಲ್ಲದ ದರ" ಎಂದು. ಮತ್ತೆ ಓದುತ್ತ ಕೂರುವುದಿಲ್ಲ, ಕಣ್ಣಾಡಿಸುವುದಷ್ಟೇ. ನಿಮಿಷಕ್ಕೆ ಐದು ಪುಟದಂತೆ ಒಂದು ಪುಸ್ತಕಕ್ಕೆ 40 ನಿಮಿಷ. ಹನ್ನೊಂದಕ್ಕೂ ಏಳು ಗಂಟೆ ಇಪ್ಪತ್ತು ನಿಮಿಷ. ರೈಲಿನಲ್ಲಿ ಸೀಟು ಸಿಕ್ಕ ದಿನಗಳಲ್ಲಿ ಎರಡು ವಾರದೊಳಗೆ ಮುಗಿಯಿತು. ನಾಗನಹಳ್ಳಿಯಲ್ಲಿ ತೆರೆದರೆ ಯಲಿಯೂರು ಬರುವ ಹೊತ್ತಿಗೆ ಒಂದು ಪುಸ್ತಕ ಮುಗಿಯುತ್ತಿತ್ತು. ಅಲುಗಾಡುವ ರೈಲಿನಲ್ಲಿ ಲ್ಯಾಪ್‌ಟಾಪ್ ಕಷ್ಟ. ಪೆನ್ಸಿಲ್ ಹಿಡಿದು ಪುಟ ತಿರುವುವುದು ಕಷ್ಟವಲ್ಲ. ಆಮೇಲೆ ಮೂರನೆಯ ಅಧ್ಯಾಯಕ್ಕೆ ಬೇಕಾದ ಪುಟಗಳಿಂದ ಮಾತ್ರ ಹೊಸ ಮಾದರಿಯ ಟಿಪ್ಪಣಿ ತೆಗೆದರು. ಇಪ್ಪತ್ತೈದು ಸಿಕ್ಕವು. ಉಳಿದದ್ದು ಬೇಕಾದಾಗ ಪರಿವಿಡಿ ಇದೆ.

ಧ್ವನಿಮುದ್ರಣಕ್ಕೂ ಇದೇ ನ್ಯಾಯ. ಒಂದು ಗಂಟೆಯ ಸಂದರ್ಶನವನ್ನು ಪೂರ್ತಿ ಬರಹಕ್ಕೆ ಇಳಿಸಲು ಐದಾರು ಗಂಟೆ ಬೇಕು. ಫೋನಿನ ಧ್ವನಿ ಟೈಪಿಂಗ್ ಬಳಸಿದರೆ ಮಂಡ್ಯದ ಮಾತನ್ನು ಅದು ತನಗೆ ಗೊತ್ತಿರುವ ಕನ್ನಡಕ್ಕೆ ಎಳೆಯುತ್ತದೆ, ತಿದ್ದುವುದೇ ದೊಡ್ಡ ಕೆಲಸ. ಆದ್ದರಿಂದ ಮೊದಲು ಐದೈದು ನಿಮಿಷಕ್ಕೆ ಒಂದು ಸಾಲಿನಂತೆ ಕಾಲಸೂಚಿ: "25–30: ಮೊದಲ ಸಲ ಕಬ್ಬು ಹಾಕಿದ್ದು, ಸಾಲ." ಗಂಟೆಯ ಮುದ್ರಣಕ್ಕೆ ಒಂದೂವರೆ ಗಂಟೆ ಸಾಕು. ಬೇಕಾದ ಎರಡು ಮೂರು ನಿಮಿಷಗಳನ್ನು ಮಾತ್ರ ಅಕ್ಷರಶಃ ಇಳಿಸುವುದು. 23ರಲ್ಲಿ ಈ ಅಧ್ಯಾಯಕ್ಕೆ ಸಂಬಂಧಪಟ್ಟ ಒಂಬತ್ತಕ್ಕೆ ಕಾಲಸೂಚಿ ಆಯಿತು. ಇನ್ನು ಹದಿನಾಲ್ಕು ಬಾಕಿ ಇವೆ, ಇರಲಿ.

ಫೋಟೋಗಳ ಸ್ಥಿತಿ ಎಲ್ಲಕ್ಕಿಂತ ಕೆಟ್ಟದಾಗಿತ್ತು. ಪತ್ರಾಗಾರದಲ್ಲಿ ಕಡತದಿಂದ ಕಡತಕ್ಕೆ ಸರಸರನೆ ತೆಗೆದುಕೊಂಡು ಹೋಗಿದ್ದರಿಂದ ಯಾವ ಪುಟ ಯಾವ ಕಡತದ್ದೆಂದು ತಿಳಿಯದು. ಕೆಲವನ್ನು ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡಿದ್ದರು. ಅದು ಚಿತ್ರವನ್ನು ಕುಗ್ಗಿಸುವುದರಿಂದ ಕೂಡುಬರಹದ ಮೋಡಿ ಅಕ್ಷರವಿರಲಿ, ಪೆನ್ಸಿಲಿನಲ್ಲಿ ಬರೆದ ಅಂಕಿಯೂ ಕಾಣುತ್ತಿರಲಿಲ್ಲ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಎಂದು ಲಗತ್ತಿಸಬೇಕು. ಮುಂದಿನ ಭೇಟಿಗಳಿಗೆ ಒಂದು ಕ್ರಮ ಗೊತ್ತಾಯಿತು. ಫೋಟೋಗೆ ಅನುಮತಿ ಪಡೆದ ಮೇಲೆ ಪ್ರತಿ ಕಡತಕ್ಕೂ ಮೊದಲ ಚಿತ್ರ ಒಂದು ಚೀಟಿಯದು: ಇಲಾಖೆ, ಕಡತ ಸಂಖ್ಯೆ, ವರ್ಷ, ಇಂದಿನ ತಾರೀಕು. ಎರಡನೆಯದು ಕಡತದ ರಕ್ಷಾಪುಟ. ಆಮೇಲೆ ಹಾಳೆಗಳು, ಹಿಂಬದಿಯೂ ಸೇರಿ, ಏಕೆಂದರೆ ಅಧಿಕಾರಿಯ ಷರಾ ಬಹಳ ಸಲ ಹಿಂಬದಿಯಲ್ಲೇ ಇರುತ್ತದೆ. ಕೊನೆಗೆ ಖಾಲಿ ಚೀಟಿ. ಎರಡು ದಿನದೊಳಗೆ ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿ, ವರ್ಷ–ತಿಂಗಳು–ದಿನ ಎಂಬ ಕ್ರಮದಲ್ಲಿ ಹೆಸರಿಡುವುದು. ದಿನವನ್ನು ಮೊದಲು ಬರೆದರೆ ಕಂಪ್ಯೂಟರು ಎಲ್ಲ ತಿಂಗಳ ಒಂದನೇ ತಾರೀಕನ್ನೂ ಒಟ್ಟಿಗೆ ಜೋಡಿಸಿ ಕೂರಿಸುತ್ತದೆ. ಪ್ರತಿಗಳು ಮೂರು: ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಒಂದು, ಮನೆಯಿಂದ ಹೊರಗೆ ಇನ್ನೊಂದು. ಹಾರ್ಡ್‌ಡಿಸ್ಕನ್ನೂ ಲ್ಯಾಪ್‌ಟಾಪನ್ನೂ ಒಂದೇ ಬ್ಯಾಗಿನಲ್ಲಿ ರೈಲಿಗೆ ಒಯ್ದರೆ ಅವು ಎರಡು ಪ್ರತಿಯಲ್ಲ, ಒಂದೇ.

ಕನ್ನಡದಲ್ಲಿ ಹುಡುಕಿದರೆ ಯಾಕೆ ಸಿಗುವುದಿಲ್ಲ

ಟಿಪ್ಪಣಿ ಪದ್ಧತಿಯ ಬಗ್ಗೆ ಬೇರೆ ನುಡಿಗಳಲ್ಲಿ ಬಂದ ಸಲಹೆಗಳು ನಮ್ಮಲ್ಲಿ ಸೋಲುವುದು ಇಲ್ಲಿಯೇ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹೊಸ ಪದ್ಧತಿಯ ಆರನೆಯ ವಾರ "ನೀರುಗಂಟಿ" ಎಂದು ಹುಡುಕಿದಾಗ ಹದಿನೆಂಟು ಟಿಪ್ಪಣಿಗಳಲ್ಲಿ ಏಳು ಮಾತ್ರ ಬಂದವು. ಕಾರಣಗಳು ಮೂರು ಸಿಕ್ಕವು.

ಮೊದಲನೆಯದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಹಳೆಯ ಕಡತಗಳನ್ನು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ತೆರೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ, ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಸಂಕೇತವಲ್ಲ. ಯೂನಿಕೋಡ್‌ನಲ್ಲಿ ಹುಡುಕಿದರೆ ಅದಕ್ಕೆ ಏನೂ ಕಾಣದು. ಪರಿವರ್ತಕದಿಂದ ಬದಲಿಸಬಹುದು, ಆದರೆ ಬದಲಿಸಿದ ಮೇಲೆ ಅರ್ಕಾವತ್ತು, ಎರಡೆರಡು ಒತ್ತಕ್ಷರ ಬರುವ ಪದಗಳು, ಅಂಕಿಗಳು, ಉದ್ಧರಣ ಚಿಹ್ನೆ, ಇವಿಷ್ಟನ್ನು ಕಣ್ಣಿನಿಂದಲೇ ನೋಡಬೇಕು. ಈಗಿನ ನುಡಿಯಲ್ಲೂ ಅಂಥದೇ ಇನ್ನೊಂದು ತಂತ್ರಾಂಶವಾದ ಬರಹದಲ್ಲೂ ಯೂನಿಕೋಡ್ ಇದೆ. ಕೀಲಿಮಣೆಯ ಅಭ್ಯಾಸ ಬದಲಿಸದೆಯೇ ಔಟ್‌ಪುಟ್ ಬದಲಿಸಬಹುದು.

ಎರಡನೆಯದು ಕಣ್ಣಿಗೆ ಕಾಣದ್ದು. ಅನುಸ್ವಾರದ ಸೊನ್ನೆಯೂ ಕನ್ನಡ ಅಂಕಿಯ ಸೊನ್ನೆಯೂ ತೆರೆಯಲ್ಲಿ ಹೆಚ್ಚುಕಡಿಮೆ ಒಂದೇ ಥರ. ಕಂಪ್ಯೂಟರಿಗೆ ಅವು ಬೇರೆ ಬೇರೆ. "ನೀರುಗ೦ಟಿ" ಎಂದು ಅಂಕಿಯ ಸೊನ್ನೆ ಹಾಕಿದ್ದ ನಾಲ್ಕು ಟಿಪ್ಪಣಿಗಳು ಹುಡುಕಾಟದಲ್ಲಿ ಮಾಯವಾಗಿದ್ದವು. "ರ್ಯ" ಎಂಬುದನ್ನು "ರ್‍ಯ" ಎಂದು ಬರೆದಾಗ ನಡುವೆ ಸೇರುವ ಅಗೋಚರ ಜೋಡಕವೂ ಇದೇ ತೊಂದರೆ ಕೊಡುತ್ತದೆ. ಪರಿಹಾರ ಸುಲಭ: ತಿಂಗಳಿಗೊಮ್ಮೆ ಎಲ್ಲ ಕಡತಗಳಲ್ಲೂ ಕನ್ನಡ ಅಂಕಿಯ ಸೊನ್ನೆಯನ್ನು ಹುಡುಕಿ ಅನುಸ್ವಾರಕ್ಕೆ ಬದಲಿಸುವುದು. ಅಂಕಿಗಳನ್ನೆಲ್ಲ 0, 1, 2 ಎಂದೇ ಬರೆಯುವ ನಿಯಮವಿದ್ದರೆ ಹೀಗೆ ಕಣ್ಣುಮುಚ್ಚಿ ಬದಲಿಸಬಹುದು.

ಮೂರನೆಯದು ತಾವೇ ಮಾಡಿಕೊಂಡದ್ದು. ಮೊದಲ ಮೂರು ವಾರಗಳಲ್ಲಿ ಟಿಪ್ಪಣಿಯ ಕೊನೆಯ "ಪದ" ಸಾಲಿಗೆ 74 ಸೂಚಿಪದಗಳನ್ನು ಸೃಷ್ಟಿಸಿದ್ದರು. ಒಂದೇ ವಿಷಯ ನೀರು, ನೀರಾವರಿ, ನಾಲೆ, ಕಾಲುವೆ, ಚಾನೆಲ್ ಎಂದು ಐದು ಕಡೆ ಹಂಚಿಹೋಗಿತ್ತು. ಅದನ್ನು ಹನ್ನೆರಡಕ್ಕೆ ಇಳಿಸಿ, ರಟ್ಟಿನ ಮೇಲೆ ಬರೆದು ಮೇಜಿನ ಮುಂದಿನ ಗೋಡೆಗೆ ಅಂಟಿಸಲಾಯಿತು. ಹೊಸ ಪದ ಸೇರಬೇಕಾದರೆ ಅದು ಮೂರು ಬೇರೆ ಬೇರೆ ಟಿಪ್ಪಣಿಗಳಿಗೆ ಬೇಕಾಗಿರಬೇಕು. ಆಯ್ಕೆಯಲ್ಲಿ ಊರಿನವರ ಪದಕ್ಕೇ ಮೊದಲ ಮಣೆ, ಏಕೆಂದರೆ ಸಂದರ್ಶನಗಳಲ್ಲಿ ಬರುವುದು ಅದೇ. "ಸ್ಲೂಯಿಸ್" ಹೋಗಿ "ತೂಬು" ಉಳಿಯಿತು.

ತಂತ್ರಾಂಶದ ವಿಷಯದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಟಿಪ್ಪಣಿಗೊಂದು ಸಾದಾ ಪಠ್ಯ ಕಡತ, ಎಲ್ಲವೂ ಒಂದೇ ಫೋಲ್ಡರಿನಲ್ಲಿ. ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್–8 ಇರಬೇಕು. ಹಳೆಯ ವಿಂಡೋಸಿನ ನೋಟ್‌ಪ್ಯಾಡ್ ತಾನಾಗಿ ಎಎನ್‌ಎಸ್‌ಐ ಆರಿಸುತ್ತಿತ್ತು. ಹಾಗೆ ಉಳಿಸಿದ ಕನ್ನಡ ಮತ್ತೆ ತೆರೆದಾಗ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿರುತ್ತದೆ, ಅದನ್ನು ಮರಳಿ ಪಡೆಯಲಾಗದು.

ಗ್ರಂಥಋಣಕ್ಕೆ ಝೊಟೆರೋ ಎಂಬ ತಂತ್ರಾಂಶ ಬಳಸಿದರು. ಉಚಿತ, ಕನ್ನಡ ಯೂನಿಕೋಡ್ ಸರಿಯಾಗಿ ಒಪ್ಪುತ್ತದೆ. ಅದರ ಸರ್ವರಿನಲ್ಲಿ ಕಡತಗಳಿಗೆ ಉಚಿತವಾಗಿ ಸಿಗುವ ಜಾಗ 300 ಎಂಬಿ ಅಷ್ಟೇ. ಸ್ಕ್ಯಾನ್ ಮಾಡಿದ ನಾಲ್ಕಾರು ಹಳೆಯ ಗೆಜೆಟಿಯರುಗಳಿಗೇ ಅದು ತುಂಬಿಹೋಗಬಹುದು, ಆದ್ದರಿಂದ ಪಿಡಿಎಫ್‌ಗಳನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟು ವಿವರಗಳನ್ನು ಮಾತ್ರ ಸಿಂಕ್ ಮಾಡುವುದು ಮೇಲು. ನಮ್ಮ ಹೆಸರುಗಳ ಕಷ್ಟ ಇನ್ನೊಂದು. ಅದು ಕುಲನಾಮ, ಮೊದಲ ಹೆಸರು ಎಂದು ಎರಡು ಖಾನೆ ಕೇಳುತ್ತದೆ. ಇನಿಷಿಯಲ್ ಇರುವ ಕನ್ನಡ ಹೆಸರನ್ನು ಅದರಲ್ಲಿ ತುಂಬಿಸಿದರೆ ಅಡಿಟಿಪ್ಪಣಿಯಲ್ಲಿ ಹೆಸರು ತಲೆಕೆಳಗಾಗಿ ಬರುತ್ತದೆ, ಇಲ್ಲವೇ ತಂದೆಯ ಹೆಸರು, ಊರಿನ ಹೆಸರು ಲೇಖಕರಾಗಿ ನಿಲ್ಲುತ್ತದೆ. ಹೆಸರಿನ ಖಾನೆಯ ಪಕ್ಕದ ಸಣ್ಣ ಗುಂಡಿ ಒತ್ತಿದರೆ ಎರಡು ಖಾನೆ ಸೇರಿ ಒಂದಾಗುತ್ತದೆ. ಕನ್ನಡ ಲೇಖಕರಿಗೆಲ್ಲ ಹಾಗೆಯೇ ಮಾಡಬೇಕು.

ವ್ಯಾಲ್ಯುಯೇಷನ್ ಬಂದಾಗ

ಒಂಬತ್ತರಿಂದ ಹನ್ನೊಂದನೆಯ ವಾರದವರೆಗೆ ವ್ಯಾಲ್ಯುಯೇಷನ್. ಪದ್ಧತಿಗೆ ನಿಜವಾದ ಪರೀಕ್ಷೆ ಇದೇ. ಹಿಂದಿನ ವರ್ಷಗಳಲ್ಲಿ ಈ ಮೂರು ವಾರ ಐದು ತಿಂಗಳ ವಿರಾಮಕ್ಕೆ ಮುನ್ನುಡಿಯಾಗುತ್ತಿತ್ತು.

ಮುನ್ನಾ ವಾರವೇ ಮೂರು ಚೀಟಿಗಳನ್ನು ಬರೆದಿಟ್ಟಿದ್ದರು, ವಾರಕ್ಕೊಂದು. ಚೀಟಿಯಲ್ಲಿ "ಓದಬೇಕು", "ಮುಂದುವರಿಸಬೇಕು" ಎಂಬಂಥ ಮಾತಿಲ್ಲ. "ಸಂದರ್ಶನ 11, 12ನೆಯ ನಿಮಿಷದಿಂದ 15ರವರೆಗೆ ಕೇಳು, ಟಿಪ್ಪಣಿ ಮಾಡು" ಎಂದಿತ್ತು. ದಣಿದ ತಲೆ ಕೆಲಸ ಮಾಡಬಲ್ಲದು, ಯಾವ ಕೆಲಸ ಎಂದು ಆರಿಸುವುದು ಅದಕ್ಕೆ ಆಗದು. ಆರಿಸುವ ಕೆಲಸ ಮೊದಲೇ ಮುಗಿದಿದ್ದರಿಂದ ಭಾನುವಾರ ಇಪ್ಪತ್ತೈದು ನಿಮಿಷದಲ್ಲಿ ಒಂದು ಟಿಪ್ಪಣಿ ಆಗುತ್ತಿತ್ತು. ಮೂರು ವಾರಕ್ಕೆ ಮೂರು. ಅಷ್ಟೇ ಆದರೂ ಹನ್ನೆರಡನೆಯ ವಾರದ ಮಂಗಳವಾರ ಬೆಳಿಗ್ಗೆ ಕೂತಾಗ ಎಲ್ಲಿದ್ದೆವು ಎಂದು ಹುಡುಕುವ ಪ್ರಮೇಯ ಬರಲಿಲ್ಲ.

ನಾಲ್ಕನೆಯ ವಾರದಿಂದ ಹನ್ನೆರಡನೆಯದರವರೆಗೆ ಲೆಕ್ಕ ಹೀಗೆ: ಸಾಮಾನ್ಯ ಆರು ವಾರಗಳಿಗೆ ಐದೈದರಂತೆ 30, ವ್ಯಾಲ್ಯುಯೇಷನ್ನಿನ 3, ಹಳೆಯ ನೋಟ್‌ಬುಕ್ಕಿನಿಂದ ಮೊದಲೇ ಬಂದ 25. ಒಟ್ಟು 58. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಚೀಟಿ ಬಿಟ್ಟುಹೋದರು ಎಂಬುದನ್ನು ಓದಿ ನಿರಾಶರಾಗುವವರಿದ್ದಾರೆ. ಅದು ಒಂದು ಇಡೀ ಜೀವಮಾನದ ರಾಶಿ. ಒಂದು ಅಧ್ಯಾಯಕ್ಕೆ ಐವತ್ತು ಅರವತ್ತು ಪೂರ್ಣ ಟಿಪ್ಪಣಿ ಧಾರಾಳವಾಗಿ ಸಾಕು.

ಅಧ್ಯಾಯಕ್ಕೆ ಜೋಡಿಸಿದ್ದು

ಹದಿಮೂರನೆಯ ವಾರ 58ನ್ನೂ ಅರ್ಧ ಹಾಳೆಗಳಲ್ಲಿ ಪ್ರಿಂಟ್ ತೆಗೆದು ನಡುಮನೆಯ ನೆಲದ ಮೇಲೆ ಹರಡಲಾಯಿತು. ತೆರೆಯ ಮೇಲೆ ಒಟ್ಟಿಗೆ ನಾಲ್ಕೈದು ಕಾಣಬಹುದು, ನೆಲದ ಮೇಲೆ ಎಲ್ಲವೂ ಕಾಣುತ್ತವೆ. ಮೊದಲ ಸಲ ಕಾಲಾನುಕ್ರಮದಲ್ಲಿ ಜೋಡಿಸಿದರು, ಅದು ಬರೀ ಘಟನೆಗಳ ಪಟ್ಟಿಯಾಯಿತು. ಎರಡನೆಯ ಸಲ "ನ" ಸಾಲುಗಳನ್ನಷ್ಟೇ ಓದುತ್ತ ಹೋದಾಗ ಹದಿನಾರು ಟಿಪ್ಪಣಿಗಳು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿದ್ದುದು ಕಂಡಿತು: ಕಾಗದದ ಮೇಲೆ ಸಮನಾಗಿದ್ದ ಸರದಿ ಗದ್ದೆಯ ಬದುವಿನ ಮೇಲೆ ಏಕೆ ಸಮನಾಗಿರಲಿಲ್ಲ? ಅಧ್ಯಾಯದ ಬೆನ್ನೆಲುಬು ಅದಾಯಿತು. 41 ಟಿಪ್ಪಣಿ ಒಳಗೆ ಬಂದವು, 17 ಹೊರಗುಳಿದವು. ಅವುಗಳಲ್ಲಿ ಆರು ಸಕ್ಕರೆ ಕಾರ್ಖಾನೆಯ ಅಧ್ಯಾಯಕ್ಕೆ ಹೋಗುವಂಥವು.

ಬರೆಯುವ ಹೊತ್ತು ಮುಕ್ಕಾಲು ಗಂಟೆಯ ಅದೇ ಮೂರು ಬಿಡುವುಗಳು. ಕೂತ ಪ್ರತಿ ಸಲ 300 ಪದ, ಮುಗಿದ ಮೇಲೆ ನಿಲ್ಲಿಸುವುದು. ನಿಲ್ಲಿಸುವ ಮೊದಲು ಕೆಳಗೆ ಒಂದು ಸಾಲು: ಮುಂದಿನ ಸಲ ಶುರುವಾಗುವ ವಾಕ್ಯ, ಅದಕ್ಕೆ ಬೇಕಾದ ಟಿಪ್ಪಣಿಯ ಸಂಖ್ಯೆ. ವಾರಕ್ಕೆ 900ರಂತೆ ಹತ್ತು ವಾರಕ್ಕೆ 9,000 ಪದ. ಇಪ್ಪತ್ತೆರಡನೆಯ ವಾರ ಕರಡು ಗೈಡ್ ಕೈ ಸೇರಿತು. ಆ ಸೆಮಿಸ್ಟರಿನ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿಯ ಜೊತೆ ತೋರಿಸಲು ಮೊದಲ ಬಾರಿಗೆ ಒಂದು ಇಡೀ ಅಧ್ಯಾಯವಿತ್ತು. ಗೈಡ್ ಕೆಂಪು ಶಾಯಿಯಲ್ಲಿ ಹದಿಮೂರು ಕಡೆ ಪ್ರಶ್ನೆ ಹಾಕಿದ್ದರು. ಹನ್ನೊಂದಕ್ಕೆ ಟಿಪ್ಪಣಿ ಸಂಖ್ಯೆ ನೋಡಿ ಒಂದೇ ಸಂಜೆಯಲ್ಲಿ ಉತ್ತರ ಕೊಟ್ಟರು. ಉಳಿದ ಎರಡಕ್ಕೆ ಮತ್ತೆ ಪತ್ರಾಗಾರಕ್ಕೆ ಹೋಗಬೇಕಿದೆ, ಕಡತ ಸಂಖ್ಯೆಗಳು ಕೈಯಲ್ಲಿವೆ.

ಸರಿಹೋಗದೆ ಉಳಿದವೂ ಇವೆ. ಹಳೆಯ ಫೋಟೋಗಳಲ್ಲಿ ಸುಮಾರು 900ಕ್ಕೆ ಕಡತ ಯಾವುದೆಂದು ಇನ್ನೂ ಗೊತ್ತಾಗಿಲ್ಲ. ಅವನ್ನು ಅಧ್ಯಾಯದಲ್ಲಿ ಬಳಸದೆ ಪ್ರತ್ಯೇಕ ಫೋಲ್ಡರಿನಲ್ಲಿಟ್ಟಿದ್ದಾರೆ. ಸೀಟು ಸಿಗದ ದಿನ ರೈಲಿನ ಸಮಯ ಹೋದ ಹಾಗೆಯೇ. ಆಗ ಇಯರ್‌ಫೋನ್ ಹಾಕಿ ಸಂದರ್ಶನ ಕೇಳುವ ಪ್ರಯತ್ನ ನಡೆಯಿತು, ಬೋಗಿಯ ಗದ್ದಲದಲ್ಲಿ ಹಿರಿಯರ ತಗ್ಗಿದ ದನಿ ಹಿಡಿಯದೆ ಬಿಟ್ಟರು. ಒಂದು ಗುರುವಾರ ಹುಷಾರಿಲ್ಲದೆ ತಪ್ಪಿತು. ಅದನ್ನು ಶನಿವಾರ ತುಂಬಿಸುವ ಗೋಜಿಗೆ ಹೋಗಲಿಲ್ಲ.

ಮುಂದಿನ ವ್ಯಾಲ್ಯುಯೇಷನ್ನಿಗೆ ಚೀಟಿಗಳು ತಯಾರಾಗಿ ಗೋಡೆಯ ಹನ್ನೆರಡು ಪದಗಳ ರಟ್ಟಿನ ಹಿಂದೆ ಸಿಕ್ಕಿಸಿವೆ. ಮೊದಲನೆಯದರಲ್ಲಿ ಹೀಗಿದೆ: "ನೋಟ್‌ಬುಕ್ ನಾಲ್ಕು, ಪು. 41–44, ಆಲೆಮನೆ. ಬೆಲ್ಲದ ದರ ಹೇಳಿದ್ದು ಯಾರು? ಸಂದರ್ಶನ 16ರ ಕಾಲಸೂಚಿ ಮಾಡು, ಮೊದಲ ಹದಿನೈದು ನಿಮಿಷ ಮಾತ್ರ."